ಎಂಜಲು ಗಾಳಿ

ಸಾಹುಕಾರ ಅಡಿವೆಪ್ಪನವರ ಮನೆಯ ಸೆಂಟ್ರಲ್ ಎ.ಸಿ. ಕೆಟ್ಟದ್ದು ನನ್ನ ಉಸಿರು ತಾಗಿ ಎಂದು ತೀರ್ಮಾನವಾದಾಗ ನಾನು ಅವರದೇ ಅಡುಗೆಮನೆಯಲ್ಲಿ ಶಿರಾಕ್ಕೆ ರವೆ ಹುರಿಯುತ್ತಿದ್ದೆ. ತೀರ್ಮಾನ ಮಾಡಿದವರು ಮೂವರು: ಸಾಹುಕಾರರು, ಅವರ ತಾಯಿ ನೀಲವ್ವಾಯಿ, ಹೆಂಡತಿ ಪ್ರಮೀಳಕ್ಕ. ಮೂವರೂ ಪಡಸಾಲೆಯಲ್ಲಿ ಬೀಸಣಿಗೆ ಹಿಡಿದು ಬೆವರುತ್ತ ಕೂತಿದ್ದರು. ಆರೋಪಿಯನ್ನು ಕರೆಸಿ ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಆರೋಪಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುವ ಪದ್ಧತಿ ಇತ್ತು.

"ಒಗ್ಗರಣಿ ಉಸುರು ಅದು. ಮಿಷಿನ್ನಿನ ಗಂಟಲದಾಗ ಹೋಗಿ ಕುಂತೈತಿ," ಎಂದರು ಆಯಿ.

"ನಾ ಮೊದಲ ಹೇಳಿದ್ದೆ, ಈಕಿ ಉಸುರು ಖಾರ ಐತಿ ಅಂತ," ಎಂದರು ಪ್ರಮೀಳಕ್ಕ.

"ಸಂಜಿಗೆ ಬೀಗರು ಬರ್ತಾರ," ಎಂದು ಸಾಹುಕಾರರು ಮುಗಿಸಿದರು. "ಅವ್ರು ಎದ್ದು ಹೋಗೂದ್ರಾಗ ಮನಿ ತಣ್ಣಗಾತೋ, ಛಲೋ. ಆಗಲಿಲ್ಲೋ, ದುರುಗವ್ವ ನಾಳಿಂದ ಬರೂದು ಬ್ಯಾಡ."

ದುರುಗವ್ವ ಎಂದರೆ ನಾನು. ರವೆ ಹೊತ್ತುವ ಮುಂಚೆ ಒಲೆ ಆರಿಸಿದೆ. ಕೆಲಸ ಹೋಗುವುದು ಬೇರೆ, ಉಸಿರಿನ ಮೇಲೆ ಕೆಲಸ ಹೋಗುವುದು ಬೇರೆ. ಉಪ್ಪು ಹೆಚ್ಚಾಯಿತೆಂದು ಬಿಡಿಸಿದರೆ ಪಕ್ಕದ ಮನೆಯವರು ಕರೆಯುತ್ತಾರೆ. ಅವರ ನಾಲಿಗೆಗೆ ಉಪ್ಪು ಬೇಕಿದ್ದರಾಯಿತು. ಉಸಿರು ಸರಿಯಿಲ್ಲವೆಂದು ಬಿಡಿಸಿದರೆ ನಮ್ಮ ಊರಿನ ಯಾವ ಹೊಸ್ತಿಲನ್ನೂ ಮತ್ತೆ ದಾಟಲಾಗದು. ಬಟ್ಟೆ ಒಗೆಯುತ್ತಿದ್ದ ಕಲ್ಲವ್ವನಿಗೆ ಹಾಗೇ ಆಯಿತು. ಈಗ ಅವಳು ಊರ ಹೊರಗಿನ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಾಳೆ. ಅಲ್ಲಿ ಹೊಗೆಯೇ ಅಷ್ಟಿರುವುದರಿಂದ ಯಾರ ಉಸಿರು ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಊರಿನಲ್ಲಿ ಉಸಿರು ಕಣ್ಣಿಗೆ ಕಾಣುತ್ತದೆ. ಒಬ್ಬೊಬ್ಬರದು ಒಂದೊಂದು ಬಣ್ಣ. ನನ್ನದು ಸುಟ್ಟ ಇಟ್ಟಿಗೆಯ ಬಣ್ಣ. ಸಾಹುಕಾರರದು ಬದನೆಕಾಯಿ, ಪ್ರಮೀಳಕ್ಕನದು ಗಿಣಿಹಸಿರು, ಅವರ ಮಗಳು ವೀಣಾಳದು ಬಟ್ಟೆಗೆ ಹಾಕುವ ನೀಲಿ. ಆಯಿಯದು ಅಕ್ಕಿ ತೊಳೆದ ನೀರಿನ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು. ಬಯಲಿನಲ್ಲಿ ಬಿಟ್ಟ ಉಸಿರು ಗಾಳಿಗೆ ಹಾರಿಹೋಗುತ್ತದೆ, ಮನೆಯೊಳಗೆ ಬಿಟ್ಟದ್ದು ತುಸು ಹೊತ್ತು ಸುಳಿದಾಡುತ್ತದೆ. ಶಾಲೆಯಲ್ಲಿ ಮಾಸ್ತರರು ಹಾಜರಿ ಕೂಗದೆ ಸೂರು ನೋಡಿ ಬರೆದುಕೊಳ್ಳುತ್ತಾರೆ. ಕಣ್ಣುಮುಚ್ಚಾಲೆ ಆಡುವ ಮಕ್ಕಳು ಮೊದಲು ಕಲಿಯುವುದು ಸೆರಗಿನೊಳಗೆ ಉಸಿರು ಬಿಡುವುದನ್ನು. ಯಾರಿಗೆ ಯಾವ ಬಣ್ಣ ಎಂಬುದಕ್ಕೆ ನಿಯಮವಿಲ್ಲ. ಅಪ್ಪನದು ಮಗನಿಗೆ ಬರುವುದಿಲ್ಲ, ಮೇಲೋಣಿಯಲ್ಲಿ ಹುಟ್ಟಿದ ಬಣ್ಣವೇ ಕೆಳಗಿನ ಓಣಿಯಲ್ಲೂ ಹುಟ್ಟುತ್ತದೆ. ಯಾರ ಉಸಿರು ಯಾರ ಮುಂದೆ ಬೀಳಬಹುದು ಎಂಬುದಕ್ಕೆ ಮಾತ್ರ ನಿಯಮವಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಆದ್ದರಿಂದ ಯಾರೂ ಅಳಿಸಲೂ ಆಗಿಲ್ಲ.

ಕೆಳಗಿನ ಓಣಿಯವರು ಮೇಲೋಣಿಯವರ ಜೊತೆ ಮಾತಾಡುವಾಗ ಮುಖವನ್ನು ಕಂಬದ ಕಡೆ ತಿರುಗಿಸಬೇಕು. ಹಾಗಾಗಿ ಮೇಲೋಣಿಯ ಪ್ರತಿ ಪಡಸಾಲೆಯಲ್ಲೂ ಒಂದು ಕಂಬ ಇದ್ದೇ ಇರುತ್ತದೆ. ಅದರ ಮೇಲೆ ಮಾಳಿಗೆ ನಿಂತಿಲ್ಲ, ಮರ್ಯಾದೆ ನಿಂತಿದೆ. ಮಠದ ಸ್ವಾಮಿಗಳು ಪ್ರವಚನ ಕೊಡುವಾಗ ಮಾತ್ರ ಮುಂದಿನ ಸಾಲಿನ ದೊಡ್ಡವರೆಲ್ಲ ಅವರಿಗೆ ಎದುರಾಗಿಯೇ ಬಾಯಿ ತೆರೆದು ಕೂತಿರುತ್ತಾರೆ, ಬಂದದ್ದೊಂದಿಷ್ಟು ಒಳಗೆ ಹೋಗಲಿ ಎಂದು. ದೊಡ್ಡವರು ಬಿಟ್ಟರೆ ಪ್ರಸಾದ, ನಾವು ಬಿಟ್ಟರೆ ಎಂಜಲು. ನಾನು ತಟ್ಟಿದ ರೊಟ್ಟಿ ಎಂಜಲಲ್ಲ, ನಾನು ಕಡೆದ ಮಜ್ಜಿಗೆ ಎಂಜಲಲ್ಲ, ನಾನು ರುಚಿ ನೋಡಿ ಇಳಿಸಿದ ಸಾರು ಕೂಡ ಅಲ್ಲ. "ಬೆಂಕಿ ಮುಟ್ಟಿದ್ದೆಲ್ಲಾ ಶುದ್ಧ ಬೇ," ಎನ್ನುತ್ತಾರೆ ಆಯಿ, ನಾಲ್ಕನೆಯ ರೊಟ್ಟಿಗೆ ಕೈ ಚಾಚುತ್ತ. ಒಲೆಯ ಮುಂದೆ ಮಾತ್ರ ನಾನು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಬೇಕು. ಈ ಮನೆಗೆ ಬಂದ ಮೇಲೆ ನನ್ನ ಕುತ್ತಿಗೆ ಎಡಕ್ಕೇ ವಾಲಿಬಿಟ್ಟಿದೆ. ನಮ್ಮ ಓಣಿಯಲ್ಲಿ ದೂರದಿಂದ ನೋಡಿದವರೂ ಹೇಳುತ್ತಾರೆ, "ಅಗೋ, ಸಾಹುಕಾರ್ರ ಮನಿ ಕುತ್ತಿಗಿ ಬಂತು."

ಇಂಥ ಮನೆಗೆ ಸೆಂಟ್ರಲ್ ಎ.ಸಿ. ಬಂತು. ಊರಿಗೆ ಮೊದಲನೆಯದು. ದೂರದ ಪಟ್ಟಣದಿಂದ ಬಂದ ಜನ ಮಾಳಿಗೆಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಕೂರಿಸಿ, ಸೂರಿನ ಮೇಲೆ ತಗಡಿನ ಸುರಂಗಗಳನ್ನು ಹಾಯಿಸಿ, ಪ್ರತಿ ಕೋಣೆಗೂ ಎರಡೆರಡು ಜಾಲರಿ ಬಿಟ್ಟು ಹೋದರು. ಒಂದು ಜಾಲರಿ ತಣ್ಣನೆ ಗಾಳಿ ಊದುತ್ತದೆ, ಇನ್ನೊಂದು ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವ ಜಾಲರಿಗಳಲ್ಲೆಲ್ಲ ದೊಡ್ಡದು, ಬಾಗಿಲಿನಷ್ಟು ಅಗಲದ್ದು, ಅಡುಗೆಮನೆಯ ಎದುರಿನ ಗೋಡೆಯಲ್ಲಿತ್ತು. ಸಾಹುಕಾರರಿಗೆ ಊದುವ ಜಾಲರಿಗಳು ಮಾತ್ರ ಅರ್ಥವಾಗಿದ್ದವು. ಉಳಿದವು ಚೆಂದಕ್ಕೆ ಎಂದು ಮೊದಮೊದಲು ತಿಳಿದಿದ್ದರು.

ಮೊದಲ ದಿನ ಮನೆ ಎಷ್ಟು ತಣ್ಣಗಾಯಿತೆಂದರೆ ಆಯಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತರು. ಮೇಲೋಣಿಯವರೆಲ್ಲ ಬಂದು, ಸ್ವಲ್ಪ ನಡುಗಿ, ಚಹಾ ಕುಡಿದು ಹೋದರು. ಮರುದಿನ ಬೆಳಿಗ್ಗೆ ಆಯಿ ಪೂಜೆಗೆ ಕೂತಾಗ ದೇವರ ಕೋಣೆಯ ಜಾಲರಿಯಿಂದ ಇಟ್ಟಿಗೆ ಬಣ್ಣದ ಒಂದು ಸುರುಳಿ ಇಳಿದುಬಂದು, ಅವರ ತಲೆ ಸವರಿ, ನಂದಾದೀಪದ ಸುತ್ತ ಒಂದು ಪ್ರದಕ್ಷಿಣೆ ಹಾಕಿತು.

"ಯವ್ವಾ! ದುರುಗಿ ದೇವರ ಕ್ವಾಣಿಯಾಗ ಬಂದಾಳ!"

ನಾನು ಅಡುಗೆಮನೆಯಲ್ಲೇ ಇದ್ದೆ, ಹಿಟ್ಟಿನಲ್ಲಿ ಮೊಣಕೈವರೆಗೆ. ನನ್ನ ಕೈಯನ್ನು ಎಲ್ಲರೂ ಬಂದು ನೋಡಿದರು. ಕಾಲನ್ನೂ ನೋಡಿದರು. ಕೊನೆಗೆ ಎದುರು ಗೋಡೆಯ ದೊಡ್ಡ ಜಾಲರಿ ನನ್ನ ಉಸಿರನ್ನು ದಾರದ ಹಾಗೆ ಎಳೆದುಕೊಳ್ಳುತ್ತಿದ್ದದ್ದು ಕಣ್ಣಿಗೆ ಬಿತ್ತು. ಅಂದೇ ಬಡಿಗ ಬಂದು ಅದರ ಮೇಲೆ ಪ್ಲೈವುಡ್ ಹೊಡೆದು ಹೋದ. ದೇವರು ಶುದ್ಧನಾದ. ಆಮೇಲೆ ಒಂದೊಂದು ದಿನಕ್ಕೂ ತಂಪು ಒಂದಿಷ್ಟು ಕಡಿಮೆಯಾಗುತ್ತ ಬಂದು, ವೀಣಾಳ ಮದುವೆಯ ಮಾತುಕತೆಗೆ ಬೀಗರು ಬರುವ ಈ ದಿನಕ್ಕೆ ಸರಿಯಾಗಿ ಮನೆ ಬಾಣಲೆಯಾಯಿತು. ಮಿಷಿನ್ನು ಗುಂಯ್ ಎನ್ನುತ್ತಲೇ ಇತ್ತು, ಗಾಳಿ ಮಾತ್ರ ಮುದುಕರ ನಿಟ್ಟುಸಿರಿನಷ್ಟು ಬರುತ್ತಿತ್ತು.

ರಿಪೇರಿಗೆ ದಾವಲಸಾಬನನ್ನು ಕರೆಸಿದರು. ನಮ್ಮ ಓಣಿಯವನೇ. ಫ್ರಿಜ್ಜು, ಮಿಕ್ಸರ್, ಮಸೀದಿಯ ಮೈಕು, ಮಠದ ಮೈಕು ಎಲ್ಲ ಅವನೇ ನೋಡುವುದು. ಒಳಗೆ ಬಂದವನೇ ಪಡಸಾಲೆಯ ಕಂಬಕ್ಕೆ ಸಲಾಮು ಹೊಡೆದ.

"ಇಂಥಾ ಮಿಷಿನ್ನು ಹಿಂದ ಎಂದರ ಬಿಚ್ಚಿದ್ದೇನಲೇ?" ಎಂದು ಸಾಹುಕಾರರು ಅವನ ಬೆನ್ನಿಗೆ ಕೇಳಿದರು.

"ಒಮ್ಮೆ ಬಿಚ್ಚೀನ್ರಿ," ಎಂದ ದಾವಲ ಕಂಬಕ್ಕೆ.

"ಹೊಳ್ಳಿ ಕೂಡ್ಸಿದ್ದಿ?"

"ಬಿಚ್ಚೀನ್ರಿ."

ಅವನು ಮೊದಲು ಹೋದದ್ದು ಗೋಡೆಯ ಮೇಲಿನ ಪುಟ್ಟ ಡಬ್ಬಿಯ ಹತ್ತಿರ. ಮನೆ ಎಷ್ಟು ತಣ್ಣಗಿರಬೇಕೆಂದು ಮಿಷಿನ್ನಿಗೆ ಹೇಳುವುದು ಅದೇ. ಅದರಲ್ಲಿ ಹಸಿರು ದೀಪ ಕಂಡದ್ದರಿಂದ ಆಯಿ ಕುಂಕುಮ ಇಟ್ಟು, ಹೂ ಏರಿಸಿ, ಊದಬತ್ತಿ ಸಿಕ್ಕಿಸಿದ್ದರು. ದಾವಲ ಬೂದಿ ಒರೆಸಿ ಗುಂಡಿ ಒತ್ತಿದ. "ಇದ ಇರಬೇಕ್ರಿ ಬ್ಯಾನಿ. ದೇವರಾಗಿ ಕುಂತ ಮ್ಯಾಲ ಯಾರ ಮಾತು ಕೇಳ್ತೈತಿ?" ಎಂದ. ಎಲ್ಲರೂ ಜಾಲರಿಯ ಕೆಳಗೆ ಮುಖ ಎತ್ತಿ ನಿಂತರು. ಏನೂ ಆಗಲಿಲ್ಲ. ಪ್ರಮೀಳಕ್ಕನ ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಬಿತ್ತು.

ಆಮೇಲೆ ಫಿಲ್ಟರು ತೆಗೆದ. ಗೋಣಿಚೀಲದ ಹಾಗೆ ದಪ್ಪಗಾಗಿದ್ದ ಅದನ್ನು ಹಿತ್ತಲ ನಲ್ಲಿಯ ಕೆಳಗೆ ಹಿಡಿದು ತೊಳೆಯಲು ನನ್ನನ್ನು ಕರೆದ. ನೀರು ಬದನೆಯಾಗಿ, ಹಸಿರಾಗಿ, ನೀಲಿಯಾಗಿ ಗಟಾರಕ್ಕೆ ಹರಿಯಿತು. ನಾನು ಬಗ್ಗಿ ನೋಡುತ್ತಲೇ ಇದ್ದೆ. ಇಟ್ಟಿಗೆ ಬಣ್ಣ ಒಂದು ಹನಿ ಇರಲಿಲ್ಲ. ಇರುವುದಾದರೂ ಹೇಗೆ, ಹೊಸ ಫಿಲ್ಟರು ಹಾಕಿಸಿ ಪ್ಲೈವುಡ್ ಹೊಡೆದ ಮೇಲೆ? ನನ್ನ ಎದೆ ಹಗುರಾಯಿತು. ಪ್ರಮೀಳಕ್ಕನನ್ನು ಕರೆದು, ಮುಖ ಗೋಡೆಗೆ ಮಾಡಿ, ಕೈಯನ್ನು ನೀರಿನ ಕಡೆ ಮಾಡಿ ತೋರಿಸಿದೆ.

"ಅಕ್ಕಾರ, ನೋಡ್ರಿ. ನನ್ನ ಬಣ್ಣ ಇಲ್ಲಽ ಇಲ್ಲ. ಎಲ್ಲಾ ನಿಮ್ದ ಐತಿ."

ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಗಟಾರವನ್ನು ಬಹಳ ಹೊತ್ತು ನೋಡಿದರು. "ನಮ್ದು ತೊಳದ್ರ ಹೋಗ್ತೈತಿ," ಎಂದರು. "ನಿಂದು ಹೋಗಂಗಿಲ್ಲ, ಅದಕ್ಕ ಬಂದಿಲ್ಲ. ಒಳಗ ಹಿಡಕೊಂಡು ಕುಂತೈತಿ."

ಬಣ್ಣ ಇದ್ದಿದ್ದರೆ ನಾನು ಅಪರಾಧಿ. ಇಲ್ಲದಿದ್ದರೆ ಇನ್ನೂ ದೊಡ್ಡ ಅಪರಾಧಿ. ಈ ಲೆಕ್ಕ ಕಲಿಸುವ ಶಾಲೆಗೆ ನಮ್ಮ ಓಣಿಯವರನ್ನು ಸೇರಿಸಿಕೊಳ್ಳುವುದಿಲ್ಲ.

ದಾವಲ ಮಾಳಿಗೆ ಹತ್ತಿದ. ನಾನೂ ಹಿಂದೆ ಹೋದೆ; ಶಿರಾ ಕಾಯುತ್ತದೆ, ಕೆಲಸ ಕಾಯುವುದಿಲ್ಲ. ಅಲ್ಲಿ ದೊಡ್ಡ ಪೆಟ್ಟಿಗೆಗೆ ದೃಷ್ಟಿಯಾಗದಿರಲೆಂದು ಪ್ರಮೀಳಕ್ಕ ತಮ್ಮ ಹಳೆಯ ಜರಿ ಸೀರೆಯೊಂದನ್ನು ಮುಂದೆ ಹಿಂದೆ ಬಿಗಿಯಾಗಿ ಉಡಿಸಿ, ಮೇಲೊಂದು ಕುಂಬಳಕಾಯಿ ಕಟ್ಟಿಸಿದ್ದರು. ಪಾಪ, ಬಸುರಿಯನ್ನು ಕುಬಸಕ್ಕೆ ಕೂರಿಸಿದ ಹಾಗಿತ್ತು. "ಇದಕ್ಕೂ ಉಸುರು ಬೇಕವ್ವಾ," ಎನ್ನುತ್ತ ದಾವಲ ಸೀರೆ ಬಿಚ್ಚಿದ. ಪೆಟ್ಟಿಗೆ ಭುಸ್ಸೆಂದು ಬಿಸಿಗಾಳಿ ಬಿಟ್ಟು ನಿರಾಳವಾಯಿತು. ಮನೆ ಮಾತ್ರ ನಿರಾಳವಾಗಲಿಲ್ಲ. ಅವನು ಕೆಳಗಿಳಿದು ಕಂಬಕ್ಕೆ ವರದಿ ಒಪ್ಪಿಸಿದ. "ಗ್ಯಾಸ್ ಖಾಲಿ ಆಗಿರಬೇಕ್ರಿ."

"ಗ್ಯಾಸ?" ಪ್ರಮೀಳಕ್ಕ ಎದ್ದು ನಿಂತರು. "ಅದಕ್ಕ ಈ ಸಲ ಸಿಲಿಂಡರ್ ಲಗೂನ ಮುಗದೈತಿ ನೋಡ್ರಿ! ನಾ ಅನ್ಕೋತಿದ್ದೆ, ಈಕಿ ಮನಿಗೆ ಒಯ್ತಾಳೇನಂತ."

"ಸಿಲಿಂಡರ್ ಹೆಂಗ ಒಯ್ಲಿ ಅಕ್ಕಾರ, ಬಗಲಾಗ ಇಟ್ಗೊಂಡ?" ಎಂದೆ. ಆ ಗ್ಯಾಸೇ ಬೇರೆ, ಈ ಗ್ಯಾಸೇ ಬೇರೆ ಎಂದು ದಾವಲ ಕಂಬಕ್ಕೆ ತಿಳಿಸಿ ಹೇಳಿದ. ಕಂಬಕ್ಕೆ ತಿಳಿಯಿತು.

ಗ್ಯಾಸು ನೋಡಲೆಂದು ಅವನು ಸೂರಿನ ಕೆಳಗಿದ್ದ ಇನ್ನೊಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಗಾಳಿ ತಣ್ಣಗಾಗುವುದು ಅದರೊಳಗೆ. ಬಿಚ್ಚಿದವನು ಏಣಿಯ ಮೇಲೆಯೇ "ಯಾ ಅಲ್ಲಾ" ಎಂದು ಕೂತುಬಿಟ್ಟ. ಪೈಪುಗಳ ಸುತ್ತ, ತಗಡಿನ ಎಲೆಗಳ ನಡುವೆ, ಎಲ್ಲೆಲ್ಲೂ ಬರ್ಫ. ನಾನು ಜೀವಮಾನದಲ್ಲಿ ಅಷ್ಟು ಬರ್ಫ ಒಂದೇ ಕಡೆ ನೋಡಿರಲಿಲ್ಲ. ಕೆಳಗೆ ಮನುಷ್ಯರು ಬೇಯುತ್ತಿದ್ದರು, ಮೇಲೆ ಮಿಷಿನ್ನು ಹೆಪ್ಪುಗಟ್ಟಿತ್ತು. ದಾವಲ ಒಂದು ಗಡ್ಡೆ ಮುರಿದು ತಾಟಿನಲ್ಲಿಟ್ಟು ತಂದು, ಹಿಮ್ಮುಖವಾಗಿ ನಡೆದು ಸಾಹುಕಾರರ ಮುಂದೆ ಇಟ್ಟ.

"ತಂಪ ಕೊಡಲೇ ಅಂದ್ರ ಬರ್ಫ ಕೊಡ್ತೀಯಲ್ಲೋ!"

"ತಂಪು ಆಗೈತ್ರಿ ಸಾವ್ಕಾರ್ರ, ಭಾಳ ಆಗೈತಿ. ಅದನ್ನ ಹೊತ್ಕೊಂಡು ಬರಾಕ ಗಾಳಿ ಇಲ್ಲ. ಗಾಳಿ ಹಾಯ್ದಿಲ್ಲಂತ ಬರ್ಫ ಹಿಡದೈತಿ, ಬರ್ಫ ಹಿಡೀತಂತ ಇದ್ದ ದಾರೀನೂ ಮುಚ್ಚೇತಿ. ಎಳಕೊಳ್ಳೂ ಜಾಲರಿ ಎಲ್ಲಾ ತಗದದಾವಲ್ರಿ?"

"ಯಾವ ಎಳಕೊಳ್ಳೂ ಜಾಲರಿ?" ಎಂದರು ಸಾಹುಕಾರರು, ಏನೂ ಗೊತ್ತಿಲ್ಲದವರ ಹಾಗೆ. "ಮಿಷಿನ್ನು ಮ್ಯಾಲ ಐತಿ. ಮ್ಯಾಲಿನ ಹೊಸಾ ಗಾಳಿ ತಗೋತೈತಿ, ತಣ್ಣಗ ಮಾಡಿ ಬಿಡ್ತೈತಿ."

ದಾವಲ ಮರೆತು ಅರ್ಧ ತಿರುಗಿಯೇಬಿಟ್ಟಿದ್ದ. ಅವನ ಕಡಲೆಹಿಟ್ಟಿನ ಬಣ್ಣದ ಉಸಿರು ಸಾಹುಕಾರರ ಮೊಣಕಾಲಿನವರೆಗೆ ಹೋಗಿ ನಿಂತಿತು. ತಟ್ಟನೆ ಕಂಬಕ್ಕೆ ತಿರುಗಿ ಹೇಳಿದ: "ಹೊಸಾ ಗಾಳಿ ಅಲ್ರಿ. ಮನ್ಯಾಗಿಂದ ಗಾಳಿ. ನೀವು ಬಿಟ್ಟಿದ್ದನ್ನ ತಗೊಂಡು, ತಣ್ಣಗ ಮಾಡಿ, ಮತ್ತ ನಿಮಗ ಕೊಡ್ತೈತಿ."

ಬೀಸಣಿಗೆಗಳು ನಿಂತವು.

"ಅಂದ್ರ," ಎಂದರು ಆಯಿ, ಒಂದೊಂದೇ ಮಾತು ತೂಗಿ, "ಉಸುರಾಡಿ ಬಿಟ್ಟಿದ್ದನ್ನ ಮತ್ತ ಉಸುರಾಡೂದು. ಎಂಜಲ ಗಾಳಿ."

"ಗಾಳಿ ಅಂದ್ರ ಅದ ಅಲ್ರಿ ಆಯಿ?" ಎಂದ ದಾವಲ. ಈ ಪ್ರಶ್ನೆಯನ್ನು ಆ ಮನೆಯಲ್ಲಿ ಮೊದಲ ಸಲ ಕೇಳಿದ್ದು ಒಬ್ಬ ಫ್ರಿಜ್ಜು ರಿಪೇರಿಯವನು, ಅದೂ ಕಂಬಕ್ಕೆ.

ಅವನೂ ನಾನೂ ಕೋಣೆ ಕೋಣೆಗೆ ಹೊರಟೆವು. ಮೊದಲು ದೇವರ ಕೋಣೆ. ಎಳೆದುಕೊಳ್ಳುವ ಜಾಲರಿ ಎಲ್ಲಿರಬೇಕಿತ್ತೋ ಅಲ್ಲಿ ಮರದ ಹಲಗೆಯೊಂದಕ್ಕೆ ಗೌರಿಯ ಚಿತ್ರ ಅಂಟಿಸಿ ಮೊಳೆ ಹೊಡೆದಿತ್ತು. "ಇದು ಯಾರ ಕೆಲಸಾರಿ?" ಎಂದು ದಾವಲ ಬಾಗಿಲಿಗೆ ಕೇಳಿದ. ಆಯಿ ಮುಖ ತಿರುವಿದರು. ತಮ್ಮ ಮಡಿ ಉಸಿರು ಇಲ್ಲಿಂದ ಹೋಗಿ ಸೊಸೆಯ ಕೋಣೆಯಲ್ಲಿ ಮೈಲಿಗೆಯಾಗುವುದು ಅವರಿಗೆ ಬೇಕಿರಲಿಲ್ಲ. ಸೊಸೆಯ ಉಸಿರೂ ಅಲ್ಲಿಂದ ಹೊರಡಬಾರದೆಂದು ಪ್ರಮೀಳಕ್ಕನ ಕೋಣೆಯ ಜಾಲರಿಗೆ ಒಳಗಿನಿಂದ ಹೊದೆಯುವ ಹಳೇ ಕೌದಿ ತುರುಕಿಸಿದ್ದೂ ಅವರೇ. ಆ ಕೌದಿಯ ಮೇಲೆ ಇನ್ನೊಂದು ಪದರ ಇತ್ತು, ಸೀರೆಯ ಡಬ್ಬಿಗಳ ರಟ್ಟು. ಅದು ಪ್ರಮೀಳಕ್ಕನದು, ಅತ್ತೆಯ ಎಲೆಅಡಿಕೆ ಉಸಿರು ಈ ಜಾಲರಿಯಿಂದಲೇ ಒಳಗೆ ಬರುತ್ತದೆಂದು ಅವರು ತಪ್ಪು ತಿಳಿದಿದ್ದರು. ವೀಣಾಳ ಕೋಣೆಯಲ್ಲಿ ದಿಂಬು. ತಾನು ಫೋನಿನಲ್ಲಿ ನಗುವಾಗೆಲ್ಲ ನೀಲಿ ಸುರುಳಿ ಅಪ್ಪನ ಮಂಚದ ಮೇಲೆ ಹೋಗಿ ಬೀಳುತ್ತಿತ್ತು ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು. ಕೊನೆಗೆ ಪಡಸಾಲೆ. ಗೋಡೆಯಲ್ಲಿ ಸಾಹುಕಾರರದೇ ಫೋಟೋ, ಆಳೆತ್ತರದ್ದು, ನಗರಸಭೆಯವರು ಶಾಲು ಹೊದಿಸಿದ್ದು. ದಾವಲ ಅದನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದ. ಹಿಂದೆ ಜಾಲರಿ.

"ಇದೂ ಚೆಂದಕ್ಕೇನ್ರಿ?" ಎಂದರು ಪ್ರಮೀಳಕ್ಕ ಗಂಡನಿಗೆ.

"ನಿಮ್ಮಿಬ್ಬರ ಜಗಳದ ಉಸುರೆಲ್ಲಾ ನನ್ನ ಆಫೀಸ್ ಕ್ವಾಣಿಗೆ ಬರ್ತಿತ್ತು. ಹಸರು ಒಂದು ಕಡಿಂದ, ಬಿಳೇದು ಒಂದು ಕಡಿಂದ. ಲೆಕ್ಕಾ ಹೆಂಗ ನೋಡ್ಲಿ ನಾ?"

ಅಂದು ನನ್ನ ಕೈಕಾಲು ನೋಡಲು ಬಂದಾಗ ಆ ಮೂವರೂ ನನ್ನ ಒಂದು ಉಸಿರಿಗೆ ಹೆದರಿದ್ದರು ಎಂದುಕೊಂಡಿದ್ದೆ. ನಾನು ಅಷ್ಟು ದೊಡ್ಡವಳಲ್ಲ ಎಂಬುದು ಈಗ ಗೊತ್ತಾಯಿತು. ಅವರು ಒಬ್ಬರಿಗೊಬ್ಬರು ಎಂಜಲಾಗಿದ್ದರು.

"ನನ್ನ ಉಸುರು ಎಂಜಲಾ? ಇವನ್ನ ಹಡದ ಉಸುರು ಇದು!" ಆಯಿ ಕೋಲು ಕುಟ್ಟಿದರು.

"ಮತ್ತ ನನ್ನ ಜಾಲರಿಗೆ ಕೌದಿ ತುರುಕಿದ್ದು ಯಾರ್ರಿ ಅತ್ತಿ? ಅದೂ ನನ್ನ ತವರುಮನಿ ಕೌದಿ!"

ಹಸಿರು, ಬಿಳಿ, ಬದನೆ ಸೂರಿನ ಕೆಳಗೆ ಗಿರಗಿರ ಸುತ್ತಿದವು. ದಾವಲ ಮಿಷಿನ್ನಿನ ತಂಪನ್ನು ನಿಲ್ಲಿಸಿ, ಬರ್ಫ ಕರಗಲೆಂದು ಬರೀ ಫ್ಯಾನು ಬಿಟ್ಟ. ಸೂರಿನಿಂದ ನೀರು ತೊಟಗುಟ್ಟತೊಡಗಿತು. ಜಗಳಕ್ಕೆ ಸೋನೆ ಸೇರಿತು. ನಾನು ಬಕೆಟ್ ಇಟ್ಟೆ.

ನೀರು ನಿಂತ ಮೇಲೆ ಸಾಹುಕಾರರು ಅಪ್ಪಣೆ ಕೊಟ್ಟರು. "ಆತಲ್ಲ, ಎಲ್ಲಾ ತಗೀರಿ. ಮನಿ ಮಂದಿ ಉಸುರು ಮನ್ಯಾಗ ಅಡ್ಡಾಡ್ಲಿ. ಅಡಗಿಮನಿದೊಂದು ಬಿಟ್ಟು."

"ಅದ ದೊಡ್ಡದ್ರಿ," ಎಂದ ದಾವಲ. "ಅದು ಮಿಷಿನ್ನಿನ ಮೂಗು. ಉಳದಾವು ಬರೇ ತೂತು. ಮೂಗು ಮುಚ್ಚಿದ್ರ ಮತ್ತ ಬರ್ಫ ಹಿಡೀತೈತಿ."

"ಬಾಯಾಗ ಉಸುರಾಡ್ಲಿ."

ಅಲ್ಲಿಗೆ ಮಾತು ಮುಗಿಯಿತು. ಮನೆ ತಣ್ಣಗಾಗದಿದ್ದರೆ ನನ್ನ ಕೆಲಸ ಹೋಗುತ್ತದೆ. ತಣ್ಣಗಾಗಲು ನನ್ನ ಉಸಿರು ಒಳಗೆ ಹೋಗಬೇಕು. ನನ್ನ ಉಸಿರು ಒಳಗೆ ಹೋದರೂ ನನ್ನ ಕೆಲಸ ಹೋಗುತ್ತದೆ. ಬಿಟ್ಟರೂ ಕೆಟ್ಟೆ, ಹಿಡಿದರೂ ಕೆಟ್ಟೆ. ದಾವಲ ಸ್ಪ್ಯಾನರು ಚೀಲಕ್ಕೆ ಹಾಕಿಕೊಳ್ಳುತ್ತ ನನ್ನ ಮುಖ ನೋಡಿದ. ನಾವಿಬ್ಬರೂ ಎದುರಾಬದುರಾಗಿಯೇ ಮಾತಾಡುವವರು.

"ಏನಕ್ಕಾ ಮಾಡ್ತಿ?"

"ಮೊದ್ಲ ಶಿರಾ ಮಾಡ್ತೀನಿ," ಎಂದೆ.

ಬೀಗರು ಬಂದರು. ಕೋಟೆ ಓಣಿಯ ಮಂದಿ, ಮೇಲೋಣಿಗಿಂತ ಒಂದು ಕೈ ಮೇಲು. ಬೀಗರು ತೂಕದ ಮನುಷ್ಯ, ಉಸಿರು ತಾಮ್ರದ ಬಣ್ಣ. ಬೀಗತಿಯದು ಸೇವಂತಿಗೆ. ವರ ಉಸಿರು ಬಿಡುತ್ತಿದ್ದನೋ ಇಲ್ಲವೋ, ಅಷ್ಟು ಸಂಕೋಚ. ಊರಿಗೆಲ್ಲ ಸುದ್ದಿಯಾಗಿದ್ದ ತಂಪನ್ನು ನೋಡಲೆಂದೇ ಬೀಗತಿ ಉಣ್ಣೆಯ ಶಾಲು ಹೊದ್ದು ಬಂದಿದ್ದರು. ಮರ್ಯಾದೆಗೆ ತೆಗೆಯುವ ಹಾಗಿಲ್ಲ. ಮಿಷಿನ್ನು 'ಹೂಂ' ಎಂದಿತು, 'ಹಾಂ' ಎಂದಿತು, ಮತ್ತೆ ನಿಟ್ಟುಸಿರಿಗೆ ಇಳಿಯಿತು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬೀಗರ ಅಂಗಿ ಬೆನ್ನಿಗೆ ಅಂಟಿತು. ಬೀಗತಿಯ ಕುಂಕುಮ ಮೂಗಿನ ಮೇಲೆ ಇಳಿದು ಬಂತು.

"ಛಲೋ ಐತ್ರಿ ತಂಪು," ಎಂದರು ಅವರು, ಶಾಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

ಸಾಹುಕಾರರು ನಗಲು ಹೋಗಿ ಅಡುಗೆಮನೆಯ ಕಡೆ ತಿರುಗಿದರು. ನನ್ನನ್ನು ನೋಡಿ ಹೊರಗಿನ ಬಾಗಿಲಿನ ಕಡೆ ಗದ್ದ ಎತ್ತಿದರು. ನಾಳೆ ಎಂಬುದು ಆ ಗದ್ದದಲ್ಲಿ ಪೂರ್ತಿ ಇತ್ತು. ಇಟ್ಟಿಗೆ ಭಟ್ಟಿ ಕಣ್ಣ ಮುಂದೆ ಬಂತು. ಅಲ್ಲಿ ನನ್ನ ಉಸಿರು ಯಾವ ಬಣ್ಣದ್ದೆಂದು ನನಗೇ ಗೊತ್ತಾಗುವುದಿಲ್ಲ. ಹೋಗುವುದೇ ಆದರೆ ಕಂಡು ಹೋಗುತ್ತೇನೆ ಎಂದುಕೊಂಡು ರೊಟ್ಟಿ ಮಗುಚುವ ಕಬ್ಬಿಣದ ಸಟ್ಟುಗ ಎತ್ತಿಕೊಂಡು ಪ್ಲೈವುಡ್ಡಿನ ಸಂದಿಗೆ ಹಾಕಿದೆ.

ಮತ್ತೆ ಬರ್ಫ ಹಿಡಿದರೆ ಬೇಕಾದೀತೆಂದು ಅಲ್ಲೇ ಉಳಿದಿದ್ದ ದಾವಲ ಗೋಡೆಗೆ ತಿರುಗಿ ನಿಂತ. "ನಾ ಏನೂ ನೋಡಿಲ್ಲವ್ವಾ," ಎಂದ. ಆಮೇಲೆ, ಗೋಡೆಗೇ, "ಎಡಕಿನ ಮೊಳಿ ಸಡ್ಲ ಐತಿ," ಎಂದು ಹೇಳಿ ಹಿತ್ತಲಿಗೆ ಹೊರಟುಹೋದ.

ಹಲಗೆ ಬಿತ್ತು. ದೊಡ್ಡ ಜಾಲರಿ ನೀರಿನಿಂದ ಮೇಲೆದ್ದ ಎಮ್ಮೆಯ ಹಾಗೆ ಉಸಿರೆಳೆಯಿತು. ನನ್ನ ಸೆರಗು, ರವೆಯ ಹೊಟ್ಟು, ಏಲಕ್ಕಿಯ ಘಮ, ನನ್ನ ಉಸಿರು ಎಲ್ಲ ಅದರತ್ತ ಹಾರಿದವು. ತುಸು ಹೊತ್ತಿಗೆ ಪಡಸಾಲೆಯ ಜಾಲರಿಯಿಂದ ಗಾಳಿ ಸುರಿಯಿತು. ತಣ್ಣನೆಯದು, ದಂಡಿಯಾಗಿ. ಅದರ ಜೊತೆ ಎಲ್ಲ ಬಣ್ಣವೂ, ಎಲ್ಲದರ ನಡುವೆ ದಪ್ಪಗೆ ಇಟ್ಟಿಗೆ ಬಣ್ಣವೂ. ಬೀಗತಿ ಕಣ್ಣು ಮುಚ್ಚಿ, ಮುಖ ಎತ್ತಿ, ಎರಡು ಸಲ ದೀರ್ಘವಾಗಿ ಎಳೆದುಕೊಂಡರು.

"ಯಪ್ಪಾ, ಜೀವ ಬಂತು! ಇದೇನ್ರಿ ಕೆಂಪಗ, ಘಮಘಮ ಅಂತೈತಿ? ಈ ಬಣ್ಣ ಯಾರ್ದು?"

ಆಯಿಯ ಕೋಲು ನೆಲಕ್ಕೆ ಬಿತ್ತು. ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ಯಾರ್ದೂ ಅಲ್ರಿ. ಮಿಷಿನ್ನಿಂದ. ಇಂಪೋರ್ಟೆಡ್ ಮಾಲು."

"ನಮ್ಮ ಮನಿಗೂ ಇದ ಬಣ್ಣದ್ದು ತರಿಸ್ರಿ," ಎಂದು ಬೀಗತಿ ಗಂಡನಿಗೆ ಹೇಳಿದರು. ಬೀಗರು ಗಾಳಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಬಣ್ಣ ಗಟ್ಟಿಯಿದೆ ಎಂದು ತಲೆದೂಗಿದರು.

ಶಿರಾದ ತಾಟು ನನ್ನ ಕೈಯಲ್ಲಿತ್ತು. ಸುಮ್ಮನೆ ಇಟ್ಟು ಬಂದಿದ್ದರೆ ಆಗುತ್ತಿತ್ತು. ಇವರೆಲ್ಲ ಎದ್ದು ಹೋದ ಮೇಲೆ ಬಡಿಗ ಬರುತ್ತಾನೆ, ಈ ಸಲ ತಗಡು ಹೊಡೆಯುತ್ತಾನೆ, ನಾನು ಹೊರಗೆ. ನನ್ನ ಉಸಿರು ಮಾತ್ರ ಮಿಷಿನ್ನಿನ ಹೆಸರಿನಲ್ಲಿ ಒಳಗೆ. ತಾಟು ಬೀಗತಿಯ ಮುಂದೆ ಇಟ್ಟೆ. ಕಂಬ ನನ್ನ ಎಡಕ್ಕೆ ಇತ್ತು. ಕುತ್ತಿಗೆ ತಾನಾಗಿ ಅತ್ತ ಹೊರಳಿತು. ಎಳೆದು ನೇರ ಮಾಡಿದೆ. ಲಟಕ್ಕೆಂದಿತು.

"ನಂದ್ರೀ ಅದು," ಎಂದೆ.

ಮಾತಿನ ಜೊತೆ ಬಂದ ಉಸಿರು, ಮೇಲಿನ ಜಾಲರಿಯಿಂದ ಇಳಿಯುತ್ತಿದ್ದ ಉಸಿರು, ಎರಡೂ ಒಂದೇ ಬಣ್ಣ. ಸಾಕ್ಷಿಗೆ ಇನ್ನೊಬ್ಬರು ಬೇಕಾಗಲಿಲ್ಲ. ಇಡೀ ಪಡಸಾಲೆ ಒಟ್ಟಿಗೆ ಉಸಿರು ಬಿಗಿಹಿಡಿಯಿತು. ಬೀಗರ ಕೆನ್ನೆ ಉಬ್ಬಿದವು. ಬೀಗತಿ ಉಣ್ಣೆಯ ಶಾಲು ಬಾಯಿಗೆ ತುರುಕಿಕೊಂಡರು. ಪ್ರಮೀಳಕ್ಕ ಎರಡು ಬೆರಳಲ್ಲಿ ಮೂಗು ಹಿಡಿದರು. ಜಾಲರಿಯಿಂದ ಬರುತ್ತಿದ್ದ ಹಸಿರು ತೆಳುವಾಯಿತು, ತಾಮ್ರ ಮಾಯವಾಯಿತು, ಸೇವಂತಿಗೆ ಉದುರಿತು. ಎಲ್ಲ ಜಾಲರಿಗಳಿಂದಲೂ ಇಟ್ಟಿಗೆ ಬಣ್ಣ ಒಂದೇ ಸುರಿಯತೊಡಗಿತು. ಆ ದೊಡ್ಡ ಮನೆಯಲ್ಲಿ ಆಗ ಉಸಿರಾಡುತ್ತಿದ್ದವಳು ನಾನೊಬ್ಬಳೇ. ನಾನು ಅವಸರ ಮಾಡಲಿಲ್ಲ.

ಮೊದಲು ಸೋತವರು ಆಯಿ. ವಯಸ್ಸಾದ ಎದೆ, ಎಷ್ಟು ಹೊತ್ತು ತಡೆದೀತು. ಸೀಟಿಯಂಥ ಸದ್ದಿನೊಂದಿಗೆ ಎಳೆದುಕೊಂಡು, ಏನಾಗುತ್ತದೋ ಎಂದು ಕಾದರು. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದುಕೊಂಡರು. "ತಣ್ಣಗೈತಿ ಬೇ," ಎಂದರು, ಆಶ್ಚರ್ಯದಿಂದ. ವೀಣಾ ಬಾಗಿಲ ಹತ್ತಿರ ನಿಂತು ನಕ್ಕೇಬಿಟ್ಟಳು. ನಗುವವರಿಗೆ ಉಸಿರು ಬೇಕೇ ಬೇಕು. ವರ ಅವಳನ್ನು ನೋಡಿ ಬಾಯಿ ತೆರೆದ. ಬೀಗತಿ ಶಾಲು ಕಿತ್ತೆಸೆದರು. "ಏ, ಆಗಿನಿಂದ ಎಳದೇ ಎಳದೀನಿ. ಈಗ ಬಿಟ್ರೇನು, ಹಿಡದ್ರೇನು!" ಎಂದು ಶಿರಾ ಕೈಗೆತ್ತಿಕೊಂಡರು. ಬೀಗರು ಕೆಮ್ಮಿ ಶರಣಾದರು. ಪ್ರಮೀಳಕ್ಕ ಎಲ್ಲರೂ ಬಿಟ್ಟಿದ್ದನ್ನು ನೋಡಿ ಮೂಗಿನ ಒಂದು ಕಡೆಯನ್ನು ಮಾತ್ರ ಬಿಟ್ಟರು.

ಉಳಿದವರು ಸಾಹುಕಾರರು. ನಾನು ಅವರ ಎದುರಿಗೆ ಹೋಗಿ ನಿಂತೆ. ಅಷ್ಟು ಹತ್ತಿರದಿಂದ ಅವರ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಮೂಗಿನ ಪಕ್ಕ ಒಂದು ಸಣ್ಣ ಗುಳ್ಳೆ ಇತ್ತು.

"ಮನಿ ತಣ್ಣಗಾತ್ರಿ," ಎಂದೆ. "ನಾಳಿ ಬರ್ಲ್ಯೋ, ಬ್ಯಾಡೋ?"

ಉತ್ತರ ಕೊಡಲು ಮಾತು ಬೇಕು. ಮಾತಿಗೆ ಉಸಿರು ಬೇಕು. ಅವರ ಮುಖದ ಮುಂದೆ ಇದ್ದದ್ದು ನನ್ನದು. ಕಣ್ಣು ಹೊರಬಂದವು, ಕಿವಿ ಅವರದೇ ಬದನೆ ಬಣ್ಣಕ್ಕೆ ತಿರುಗಿತು, ಕೈ ಕಂಬವನ್ನು ಹುಡುಕಿ ಹಿಡಿದುಕೊಂಡಿತು. ಬೀಗರು ಶಿರಾ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ನಾನು ಕಾದೆ.

ಕೊನೆಗೆ ಎಳೆದುಕೊಂಡರು. ಮೂಗಿನಿಂದ ತುಸುವೇ ಎಂದು ಶುರುಮಾಡಿ, ತಡೆಯಲಾಗದೆ ಬಾಯಿ ತೆರೆದು ಪೂರ್ತಿ. ನಾನು ಬಿಟ್ಟದ್ದಷ್ಟೂ ಅವರ ಎದೆಯೊಳಗೆ ಇಳಿಯಿತು.

"ಬಾ," ಎಂದರು.

ಹೊರಗೆ ಬಿದ್ದ ಆ ಒಂದಕ್ಷರ ಬದನೆ ಬಣ್ಣದ್ದೂ ಆಗಿರಲಿಲ್ಲ, ಇಟ್ಟಿಗೆ ಬಣ್ಣದ್ದೂ ಆಗಿರಲಿಲ್ಲ. ಅದು ಯಾರದೆಂದು ಕೇಳಲು ಆ ಪಡಸಾಲೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ.